ಮುಳ್ಳೋಡಿಯಲ್ಲಿ ರಾತ್ರಿಯೆಲ್ಲ ಹರಿದ ನೀರು

ಕುದುರೆಮುಖಕ್ಕೆ ಹಿಂದೆ ಸಂಸೆಪರ್ವತ ಅಂತ ಹೆಸರಿತ್ತು. ಸಂಸೆ ಕಡೆಯಿಂದ ಹತ್ತುವ ಬೆಟ್ಟ, ಅದಕ್ಕೇ ಸಂಸೆಪರ್ವತ. ಈಗ ಆ ಹೆಸರು ಬಳಕೆಯಲ್ಲಿಲ್ಲ. ಆದರೆ ಹತ್ತುವವರು ಈಗಲೂ ಸಂಸೆಗೇ ಬಂದು ಇಳಿಯಬೇಕು. ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ಮುಳ್ಳೋಡಿಯಿಂದ ಮುಂದಕ್ಕೆ ನಡಿಗೆಯೇ.

ದಸರೆ ಕಳೆದ ಮೇಲಿನ ಒಂದು ಶನಿವಾರ, ಭಾನುವಾರ ನಾವು ಮೂವರು ಗೆಳೆಯರು ಹೋಗಿಬಂದೆವು. ಬಂದು ಎರಡು ವಾರವಾಯಿತು. ಕಾಲಿನ ನೋವು ಹೋಗಿದೆ, ಶೂ ಒಣಗಿದೆ. ಹತ್ತಿದ ಬೆಟ್ಟದ ಬಗ್ಗೆ ಬರೆಯೋಣ ಅಂತ ಕೂತರೆ, ನಾವು ಉಳಿದುಕೊಂಡಿದ್ದ ಮನೆಯ ಹಿತ್ತಲಿನ ನೀರೇ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ಮೊದಲು ನನ್ನ ಊರಿನ ವಿಷಯ ಹೇಳಬೇಕು. ನಮ್ಮದು ತುಮಕೂರು ಜಿಲ್ಲೆಯ ಶಿರಾ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ನಮ್ಮಲ್ಲಿ ಒಳ್ಳೆ ವರ್ಷ. ಚಿಕ್ಕವನಿದ್ದಾಗ ನಮ್ಮ ಬೀದಿಗೆ ನೀರು ಬಿಡುತ್ತಿದ್ದುದು ರಾತ್ರಿ. ಎಷ್ಟು ಹೊತ್ತಿಗೆ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಮ್ಮ ನಲ್ಲಿಯ ಕೆಳಗೆ ಖಾಲಿ ಬಿಂದಿಗೆ ಇಟ್ಟು ಮಲಗುತ್ತಿದ್ದಳು. ನೀರು ಬಂದರೆ ಬಿಂದಿಗೆಗೆ ಬಿದ್ದು ಸದ್ದಾಗಬೇಕು, ಆ ಸದ್ದಿಗೆ ಎಚ್ಚರವಾಗಬೇಕು. ನಾನೂ ಅಕ್ಕನೂ ಕಣ್ಣುಜ್ಜಿಕೊಂಡು ಎದ್ದು ಕೊಡ, ಡ್ರಮ್ಮು, ಹಂಡೆ, ಕೊನೆಗೆ ಪಾತ್ರೆ, ಚೊಂಬು ಎಲ್ಲ ತುಂಬಿಸುತ್ತಿದ್ದೆವು. ಬೆಂಗಳೂರಿಗೆ ಬಂದು 15 ವರ್ಷವಾದರೂ ರಾತ್ರಿ ನೀರಿನ ಸದ್ದು ಕೇಳಿದರೆ ನನಗೆ ಈಗಲೂ ಎಚ್ಚರವಾಗುತ್ತದೆ.

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರನಾಡಿಗೆ ಹೋಗುವ ಬಸ್ಸು ಹತ್ತಿದೆವು. ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಬರುವಷ್ಟರಲ್ಲಿ ಇನ್ನೂ ಕತ್ತಲು. ಕಳಸದಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ಅಲ್ಲಿಂದ ಸಂಸೆಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಒಂದು ಕಡೆ ಟೀ ತೋಟ, ಇನ್ನೊಂದು ಕಡೆ ಮಂಜು.

ಸಂಸೆಯಲ್ಲಿ ಜೀಪು ಕಾಯುತ್ತಿತ್ತು. ಅದರಲ್ಲಿ ನಮ್ಮ ಜೊತೆ ಒಂದು ಗ್ಯಾಸ್ ಸಿಲಿಂಡರ್, ಎರಡು ಮೂಟೆ ಅಕ್ಕಿ, ಎಳನೀರು ಅನ್ನುವ ಊರಿಗೆ ಹೋಗಬೇಕಿದ್ದ ಒಬ್ಬರು ಹಿರಿಯರು. ಅವರು ಹೇಳಿದ ಮಾತು ಕೇಳಿ ಆಶ್ಚರ್ಯವಾಯಿತು. ಎಳನೀರು ಇರುವುದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ. ಆದರೆ ಪೇಟೆ, ಬಸ್ಸು ಎಲ್ಲಕ್ಕೂ ಅವರು ಬರುವುದು ಚಿಕ್ಕಮಗಳೂರು ಜಿಲ್ಲೆಯ ಸಂಸೆಗೆ. ನಡುವೆ ಘಟ್ಟ ಇದೆ ನೋಡಿ. ತಾಲ್ಲೂಕು ಕಚೇರಿಯಲ್ಲಿ ಒಂದು ಕಾಗದ ಬೇಕೆಂದರೆ ಕುದುರೆಮುಖ ಸುತ್ತಿ ಇಳಿದು ಹೋಗಬೇಕು. ದಾರಿ ಕವಲೊಡೆಯುವಲ್ಲಿ ಇಳಿದು ಚೀಲ ಹೆಗಲಿಗೇರಿಸಿ ನಡೆದುಹೋದರು.

ಮುಳ್ಳೋಡಿಯ ದಾರಿ ಅಂದರೆ ಕಲ್ಲು, ಕೆಸರು, ಹಳ್ಳ. ಡ್ರೈವರಣ್ಣ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದಿದ್ದ. ಬಾಗಿಲಿಗೆ ಚಿಲಕ ಇರಲಿಲ್ಲ.

ಮನೆ ಹೆಂಚಿನದು. ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ, ತೋಟದ ಕೆಳಗೆ ಎರಡು ತುಂಡು ಗದ್ದೆ. ಹಿಂದೆ ಕಾಡು, ಕಾಡಿನ ಮೇಲೆ ಹುಲ್ಲಿನ ಗುಡ್ಡ. ಮನೆಯಲ್ಲಿ ಗಂಡ, ಹೆಂಡತಿ ಮತ್ತು ಅಜ್ಜಿ. ಮಗಳು ಉಜಿರೆಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಜೈನರ ಮನೆ. ಕಳಸ, ಸಂಸೆ ಕಡೆ ಜೈನ ಕೃಷಿಕರ ಮನೆಗಳು ಹಿಂದಿನಿಂದಲೂ ಇವೆ.

ಜಗಲಿಯಲ್ಲಿ ಶೂ ಬಿಚ್ಚುವಾಗಲೇ ಗೆಳೆಯನ ಹಿಮ್ಮಡಿಯ ಮೇಲೆ ಇಂಬಳ, ಅಂದರೆ ಜಿಗಣೆ, ಕಂಡಿತು. ನಾವು ಬ್ಯಾಗಿನಿಂದ ಉಪ್ಪಿನ ಪೊಟ್ಟಣ ತೆಗೆದೆವು. ಇಂಟರ್ನೆಟ್ಟಿನಲ್ಲಿ ಹಾಗೇ ಓದಿಕೊಂಡು ಬಂದಿದ್ದೆವು. ಅಜ್ಜಿ ಒಳಗಿನಿಂದ ನೋಡಿ, "ಉಪ್ಪು ಹಾಕಬೇಡಿ ಮಗಾ, ಸುಮ್ನೆ ಸಾಯುತ್ತೆ ಅದು" ಎಂದು ಹೊರಗೆ ಬಂದರು. ಕೂತುಕೊಂಡರು. ಹೆಬ್ಬೆರಳಿನ ಉಗುರನ್ನು ಚರ್ಮಕ್ಕೆ ಒತ್ತಿ, ಇಂಬಳದ ಸಣ್ಣ ತುದಿಯ ಅಡಿಗೆ ಸರಿಸಿದರು. ಅದು ಬಿಟ್ಟಿತು. ಇನ್ನೊಂದು ತುದಿಯನ್ನೂ ಹಾಗೇ ಬಿಡಿಸಿ, ಬೆರಳ ನಡುವೆ ಉಂಡೆ ಮಾಡಿ, ಅಂಗಳದಾಚೆ ಹುಲ್ಲಿಗೆ ಎಸೆದರು. ಒಟ್ಟು ಹತ್ತು ಸೆಕೆಂಡು. ಕಚ್ಚಿದ ಜಾಗದಿಂದ ರಕ್ತ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಒಂದು ವಸ್ತು ಇಂಬಳದ ಎಂಜಲಿನಲ್ಲಿ ಇರುತ್ತದೆ. ಮನೆಯೊಡತಿ ಅಕ್ಕ ಒಳಗಿನಿಂದ ಒಂದು ಚಿಟಿಕೆ ಕಾಫಿಪುಡಿ ತಂದು ಒತ್ತಿದರು.

ಶನಿವಾರ ನಾವು ಹೆಚ್ಚೇನೂ ಮಾಡಲಿಲ್ಲ. ಅದೇ ಚೆನ್ನಾಗಿತ್ತು. ಸೋಮಾವತಿ ಜಲಪಾತದವರೆಗೆ ನಡೆದು ಹೋಗಿ ಬಂದೆವು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಹಲಸಿನ ಹಪ್ಪಳ. ಊಟವಾದ ಮೇಲೆ ಯಜಮಾನರ ಜೊತೆ ತೋಟಕ್ಕೆ ಇಳಿದೆ.

ಅಡಿಕೆ ಮರಗಳ ತಲೆ ನೋಡಿದರೆ ಏನೋ ಸರಿಯಿಲ್ಲ ಅಂತ ನನಗೂ ಗೊತ್ತಾಗುತ್ತಿತ್ತು. ಸೋಗೆಯ ಮೇಲೆಲ್ಲ ಕಂದು ಚುಕ್ಕೆ, ಕೆಳಗಿನ ಸೋಗೆ ಒಣಗಿ ಜೋತುಬಿದ್ದಿದ್ದವು. ಎಲೆಚುಕ್ಕಿ ರೋಗ. ಕೆಲವು ವರ್ಷದಿಂದ ಮಲೆನಾಡನ್ನು ಹಿಂಡುತ್ತಿರುವ ಶಿಲೀಂಧ್ರ ಇದು. ಕೊಳೆರೋಗ ಹಳೆಯದು. ಅದಕ್ಕೆ ಮಳೆಗೆ ಮುಂಚೆ ಮೈಲುತುತ್ತು, ಸುಣ್ಣ ಕಲಸಿ ಗೊನೆಗೆ ಬೋರ್ಡೋ ದ್ರಾವಣ ಹೊಡೆದರೆ ಸ್ವಲ್ಪ ತಡೆಯಬಹುದು. ಇದು ಹಾಗಲ್ಲ. ಎಲೆಗೇ ಬರುತ್ತದೆ, ಗಾಳಿಯಲ್ಲಿ ಹರಡುತ್ತದೆ. ಎಲೆ ಹೋದರೆ ಮರಕ್ಕೆ ಅನ್ನವೇ ಹೋದ ಹಾಗೆ.

"ನಾನೊಬ್ಬ ಔಷಧಿ ಹೊಡೆದರೆ ಆಗಲ್ಲ. ಪಕ್ಕದ ತೋಟದವರು ಜಾಗ ಬಿಟ್ಟು ಹೋಗಿದ್ದಾರೆ. ಅಲ್ಲಿಂದ ಮತ್ತೆ ಬರುತ್ತೆ" ಎಂದರು ಅವರು.

ಪಕ್ಕದವರು ಹೋದದ್ದು ಪರಿಹಾರ ತೆಗೆದುಕೊಂಡು. ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್. ಅದರೊಳಗೆ ಮೊದಲಿನಿಂದಲೂ ಇದ್ದ ಮನೆಗಳು ಹಾಗೇ ಉಳಿದವು. ಮುಂದೆ ಪುನರ್ವಸತಿ ಯೋಜನೆ ಬಂತು. ಕೆಲವರು ಹೋದರು, ಕೆಲವರು ಉಳಿದರು. ಉಳಿದವರಿಗೆ ರಸ್ತೆ, ಕರೆಂಟು ಎಲ್ಲಕ್ಕೂ ಅರಣ್ಯದ ಕಾನೂನು ಅಡ್ಡ. ಈ ಮನೆಯವರು ಹೋಂಸ್ಟೇ ಶುರು ಮಾಡಿದ್ದು ಪ್ರವಾಸೋದ್ಯಮದ ಆಸೆಯಿಂದ ಅಲ್ಲ. ತೋಟ ಕೈಕೊಟ್ಟಿತು, ಮಗಳ ಓದು ನಿಲ್ಲಬಾರದು, ಅಷ್ಟೇ ಕಾರಣ. ಊಟ, ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 1,500 ರೂಪಾಯಿ ತೆಗೆದುಕೊಂಡರು. ಇದರಲ್ಲೂ ಮಳೆಗಾಲದಲ್ಲಿ ಜನ ಬರುವುದು ಕಷ್ಟ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬೆಟ್ಟ ಮುಚ್ಚುತ್ತಾರೆ. ಸಂಪಾದನೆಯ ತಿಂಗಳುಗಳನ್ನು ಬೆರಳಲ್ಲಿ ಎಣಿಸಬಹುದು.

ಸಂಜೆ ಐದೂವರೆಗೆ ಅಜ್ಜಿ ಊಟಕ್ಕೆ ಕೂತರು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ದೀಪಕ್ಕೆ ಬಂದು ಬೀಳುವ ಹುಳು ತಟ್ಟೆಗೂ ಬೀಳಬಹುದು, ಗೊತ್ತಿಲ್ಲದೆ ಒಂದು ಜೀವ ಹೋಗಬಾರದು. ನಮಗೆ ಎಂಟು ಗಂಟೆಗೆ ಬಡಿಸುತ್ತೇವೆ ಅಂದಿದ್ದರು ಅಕ್ಕ. ನಾವು ಮೂವರೂ ಮಾತಾಡಿಕೊಂಡು ಅಜ್ಜಿಯ ಜೊತೆಗೇ ಕೂತೆವು. ಬೆಳಕಿರುವಾಗಲೇ ಉಂಡು, ಅಂಗಳದಲ್ಲಿ ಕತ್ತಲಾಗುವುದನ್ನು ನೋಡುತ್ತಾ ಕೂತುಕೊಳ್ಳುವುದು ಎಷ್ಟು ದೊಡ್ಡ ಸುಖ ಅಂತ ಅವತ್ತು ತಿಳಿಯಿತು.

ಕತ್ತಲಾಗುವ ಹೊತ್ತಿಗೆ ಮನೆಯಲ್ಲಿ ಬಲ್ಬು ಹತ್ತಿದವು. ಕಂಬದಿಂದ ಬರುವ ಕರೆಂಟ್ ಅಲ್ಲ. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ, ತೋಟದ ತುದಿಯ ಒಂದು ಸಣ್ಣ ಶೆಡ್ಡಿನಲ್ಲಿ ಟರ್ಬೈನ್ ಇಟ್ಟಿದ್ದಾರೆ. ನಮ್ಮ ಮನೆಯ ಮಿಕ್ಸಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಮಲಗುವಾಗ ಅಭ್ಯಾಸದಂತೆ ಸ್ವಿಚ್ಚಿನ ಕಡೆ ಕೈ ಚಾಚಿದೆ. ಯಜಮಾನರು ತಡೆದರು.

"ಆರಿಸಬೇಡಿ, ಉರೀಲಿ ಬಿಡಿ. ಲೋಡ್ ಕಮ್ಮಿಯಾದರೆ ವೋಲ್ಟೇಜ್ ಏರಿ ಉಳಿದ ಬಲ್ಬು ಹೋಗುತ್ತೆ."

ನೀರು ಬೀಳುತ್ತಲೇ ಇರುತ್ತದೆ, ಟರ್ಬೈನ್ ತಿರುಗುತ್ತಲೇ ಇರುತ್ತದೆ. ಬಂದ ಕರೆಂಟನ್ನು ಕೂಡಿಡಲು ಬ್ಯಾಟರಿ ಇಲ್ಲ. ಬಂದಷ್ಟನ್ನೂ ಬಳಸಬೇಕು. ಅದಕ್ಕೇ ಬಚ್ಚಲಿನಲ್ಲಿ ನೀರು ಕಾಯಿಸುವ ಒಂದು ಕಾಯಿಲ್ ಕೂಡ ಸದಾ ಹಾಕಿರುತ್ತಾರೆ. ಮಳೆಗಾಲದಲ್ಲಿ ಈ ಮನೆ ರಾತ್ರಿಯಿಡೀ ಬೆಳಗುತ್ತದೆ. ಏಪ್ರಿಲ್ ಹೊತ್ತಿಗೆ ಹಳ್ಳ ಸಣ್ಣದಾಗುತ್ತದೆ, ಬಲ್ಬೂ ಮಂಕಾಗುತ್ತದೆ.

ಆ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಹಿತ್ತಲಿನಲ್ಲಿ ನೀರು ಸುರಿಯುತ್ತಿತ್ತು. ಯಾರೋ ನಲ್ಲಿ ನಿಲ್ಲಿಸದೆ ಮಲಗಿದ್ದಾರೆ ಅಂದುಕೊಂಡೆ. ಮಲಗಲು ಆಗಲೇ ಇಲ್ಲ. ಎಷ್ಟು ಬಿಂದಿಗೆ ಹೋಯಿತೋ ಅಂತ ಮನಸ್ಸು ಲೆಕ್ಕ ಹಾಕುತ್ತಿತ್ತು. ಎದ್ದು, ಚಪ್ಪಲಿ ಹುಡುಕಿ, ಬಚ್ಚಲು ಮನೆಯ ಹಿಂದೆ ಹೋದೆ.

ಅಲ್ಲಿ ನಲ್ಲಿ ಇರಲಿಲ್ಲ. ಗುಡ್ಡದ ಕಡೆಯಿಂದ ಒಂದು ಕಪ್ಪು ಪೈಪು ಬಂದಿತ್ತು. ಅದರ ತುದಿಗೆ ಸೀಳಿದ ಅಡಿಕೆಮರದ ದಂಬೆ. ದಂಬೆಯಿಂದ ನೀರು ಒಂದು ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ತುಂಬಿ, ಅಂಚಿನ ಒಂದು ಕಚ್ಚಿನಿಂದ ಹೊರಗೆ ಹರಿದು, ಕಲ್ಲು ಜೋಡಿಸಿದ ಸಣ್ಣ ಕಾಲುವೆಯಲ್ಲಿ ತೋಟಕ್ಕೆ ಇಳಿಯುತ್ತಿತ್ತು. ತೊಟ್ಟಿಯ ಅಂಚಿಗೆ ಪಾಚಿ. ತಳದಲ್ಲಿ ಒಂದು ಹಿತ್ತಾಳೆ ಚೊಂಬು ಬಿದ್ದಿತ್ತು, ಬಲ್ಬಿನ ಬೆಳಕಿಗೆ ಹೊಳೆಯುತ್ತಿತ್ತು. ಕೈ ಒಡ್ಡಿದೆ. ಕೈ ಮರಗಟ್ಟಿತು. ಮುಚ್ಚಲು ಏನೂ ಇಲ್ಲ, ತಿರುಗಿಸಲು ಏನೂ ಇಲ್ಲ.

ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಅಜ್ಜಿಗೂ ಎಚ್ಚರವಾಗಿತ್ತು. ಕಿಟಕಿಯಿಂದ, "ಏನು ಬೇಕಿತ್ತು ಮಗಾ?" ಎಂದರು.

"ಏನಿಲ್ಲ ಅಜ್ಜಿ. ನೀರು ಹೋಗ್ತಿದೆ ಅಂತ ಬಂದೆ."

"ಅದು ಅಬ್ಬಿ ನೀರು. ಹೋಗ್ತಾನೇ ಇರುತ್ತೆ. ಮಲಗು, ಚಳಿ ಇದೆ."

ಭಾನುವಾರದ ನಡಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆಲ್ಲ ಕಡುಬು, ಚಟ್ನಿ ತಿಂದು ಹೊರಟೆವು. ಅರಣ್ಯ ಇಲಾಖೆಯ ಚೌಕಿಯಲ್ಲಿ ಬ್ಯಾಗು ಬಿಚ್ಚಿಸಿ ಪ್ಲಾಸ್ಟಿಕ್ ಎಣಿಸಿದರು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಬೇಕು, ಮೇಲೆ ಟೆಂಟು ಹಾಕುವಂತಿಲ್ಲ, ಸಂಜೆಯೊಳಗೆ ಇಳಿದಿರಬೇಕು. ಈ ಕಟ್ಟುಪಾಡು ಇರಲೇಬೇಕು ಅಂತ ನನ್ನ ಅಭಿಪ್ರಾಯ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಬಂದು ಕಾಲಿಡಲು ಜಾಗವಿಲ್ಲದ ಹಾಗಾದದ್ದನ್ನು ಎಲ್ಲರೂ ನೋಡಿದ್ದೇವೆ ಅಲ್ವಾ. ಬೆಟ್ಟ ಓಡಿಹೋಗುವುದಿಲ್ಲ. ಈ ವಾರ ಜಾಗ ಸಿಗದಿದ್ದರೆ ಮುಂದಿನ ವಾರ ಹೋಗೋಣ.

ಹೋಗುತ್ತಾ ಬರುತ್ತಾ ಹತ್ತಿರ ಹತ್ತಿರ 20 ಕಿಲೋಮೀಟರ್. ನಾಲ್ಕಾರು ಹಳ್ಳ ದಾಟಿದೆವು. ಒಂಟಿಮರದ ಹತ್ತಿರ ಬುತ್ತಿ ಬಿಚ್ಚಿದೆವು. 1,894 ಮೀಟರಿನ ತುದಿ ಮುಟ್ಟಿದಾಗ ಸುತ್ತಲೂ ಬರೀ ಬಿಳಿ ಮಂಜು. ಪಡುವಣ ಕಡೆ ಬೆಳ್ತಂಗಡಿಗೆ ಬೀಳುವ ಆಳ ಎಲ್ಲಿದೆ ಅಂತಲೇ ಕಾಣಲಿಲ್ಲ. ಗಾಳಿ ಮಾತ್ರ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಅರ್ಧ ಗಂಟೆ ಕೂತು ಇಳಿದೆವು.

ಆದರೆ ಇಳಿಯುವಾಗ ಗೈಡ್ ಹುಡುಗ ಒಂದು ಕಡೆ ನಿಲ್ಲಿಸಿದ. ಅವನೂ ಆ ಕಡೆಯ ಊರಿನವನೇ. ಎರಡು ಹುಲ್ಲುಗುಡ್ಡಗಳ ಮಡಿಲಿನಲ್ಲಿ ಒಂದು ತುಂಡು ಕಾಡು. ಶೋಲಾ ಅನ್ನುತ್ತಾರಲ್ಲ, ಅದು. ಮರಗಳು ಕುಳ್ಳು, ಕೊಂಬೆ ಸೊಟ್ಟ, ಮೈತುಂಬ ಪಾಚಿ. ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಹೊರಗಿನ ಗಾಳಿಯ ಸದ್ದೇ ಇಲ್ಲ. ಅವನು ತರಗೆಲೆ ಸರಿಸಿ ಮಣ್ಣಿಗೆ ಕೈ ಹಾಕಿದ. ಮೊಣಕೈ ತನಕ ಸಲೀಸಾಗಿ ಹೋಯಿತು. ಹಿಡಿ ಮಣ್ಣು ತೆಗೆದು ಹಿಂಡಿದ. ಬಟ್ಟೆ ಹಿಂಡಿದಂತೆ ನೀರು ಇಳಿಯಿತು.

"ನಿಮ್ಮ ಮನೆ ಹಿಂದಿನ ಅಬ್ಬಿ ಶುರುವಾಗೋದು ಇಂಥ ಕಡೆ" ಎಂದ. ನಾವು ಒಂದು ರಾತ್ರಿ ಮಲಗಿದ್ದ ಮನೆಯನ್ನು ಅವನು "ನಿಮ್ಮ ಮನೆ" ಅಂದದ್ದು ನನಗೆ ಖುಷಿಯಾಯಿತು.

ಈ ಕಡೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ನಮ್ಮ ಶಿರಾದ ಹತ್ತು ಹನ್ನೆರಡು ವರ್ಷದ ಮಳೆ ಇಲ್ಲಿ ಒಂದು ಮಳೆಗಾಲದಲ್ಲಿ ಬೀಳುತ್ತದೆ. ಅಷ್ಟೂ ಒಂದೇ ಸಲ ಹರಿದುಹೋದರೆ ಕೆಳಗೆ ನೆರೆ, ಆಮೇಲೆ ಬರ. ಹುಲ್ಲು ಅದನ್ನು ತಡೆದು ನಿಲ್ಲಿಸುತ್ತದೆ, ಶೋಲಾ ಕುಡಿದು ಇಟ್ಟುಕೊಳ್ಳುತ್ತದೆ, ಮಳೆ ನಿಂತು ಎಷ್ಟೋ ತಿಂಗಳವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹುಲ್ಲುಗುಡ್ಡ ಕಂಡರೆ ಬೋಳು ಗುಡ್ಡ, ಬಂಜರು ಅಂತ ನಾನೇ ಎಷ್ಟೋ ಸಲ ಅಂದುಕೊಂಡಿದ್ದೆ.

ಈ ಬೆಟ್ಟದ ಸಾಲಿನ ಇನ್ನೊಂದು ಮಗ್ಗುಲಲ್ಲೇ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿ ಇತ್ತು. 1976ರಲ್ಲಿ ಕಂಪನಿ ಶುರು. ಇರಾನಿನ ದುಡ್ಡು, ಇರಾನಿಗೇ ಅದಿರು ಅಂತ ಒಪ್ಪಂದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಅವರು ಹಿಂದೆ ಸರಿದರು. ಆದರೂ ಗಣಿ ನಡೆಯಿತು. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಗಣಿಯ ಹೂಳು ಭದ್ರಾ ನದಿಗೆ ಸೇರುತ್ತಿದೆ, ಕಾಡು ಹಾಳಾಗುತ್ತಿದೆ ಅಂತ ಜನ ಹೋರಾಟ ಮಾಡಿದರು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಕೆಲಸ ನಂಬಿಕೊಂಡವರ ಮನೆಗಳಿಗೆ ಅದು ದೊಡ್ಡ ಪೆಟ್ಟು, ಅದನ್ನು ಮರೆಯಬಾರದು. ಆದರೆ ಆ ಹಿಡಿ ಮಣ್ಣಿನಿಂದ ನೀರು ಇಳಿದದ್ದನ್ನು ಕಣ್ಣಾರೆ ಕಂಡ ಮೇಲೆ, ಗಣಿ ನಿಂತದ್ದೇ ಸರಿ ಅಂತ ನನಗೆ ಯಾವ ಅನುಮಾನವೂ ಇಲ್ಲ.

ಯಾಕೆಂದರೆ ಆ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ತೊಟ್ಟಿಯಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ, ಹಳ್ಳದಿಂದ ಸೋಮಾವತಿಗೆ, ಸೋಮಾವತಿಯಿಂದ ಭದ್ರೆಗೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟೆಗೆ. ಅಲ್ಲಿಂದ ನೀರನ್ನು ಎತ್ತಿ, ಅಜ್ಜಂಪುರದ ಹತ್ತಿರ ಸುರಂಗದಲ್ಲಿ ಹಾಯಿಸಿ, ಚಿತ್ರದುರ್ಗಕ್ಕೂ ನಮ್ಮ ತುಮಕೂರು ಜಿಲ್ಲೆಗೂ ತರುವುದೇ ಭದ್ರಾ ಮೇಲ್ದಂಡೆ ಯೋಜನೆ. ಅದರ ಪಟ್ಟಿಯಲ್ಲಿ ಶಿರಾ ತಾಲ್ಲೂಕೂ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಊರಿನಲ್ಲಿ "ಭದ್ರಾ ಬರುತ್ತೆ" ಅನ್ನುವ ಮಾತು ಕೇಳುತ್ತಿದ್ದೇನೆ. ಕೆರೆ ಏರಿಯ ಮೇಲೆ, ಟೀ ಅಂಗಡಿಯಲ್ಲಿ, ಪ್ರತಿ ಚುನಾವಣೆಯಲ್ಲಿ. ಭದ್ರಾ ಅಂದರೆ ನನಗೆ ಪೇಪರಿನಲ್ಲಿ ಬರುವ ಟಿಎಂಸಿ ಲೆಕ್ಕವಾಗಿತ್ತು. ಅದರ ಹಿಂದೆ ಒಂದು ದಂಬೆ, ಒಂದು ಕಲ್ಲಿನ ತೊಟ್ಟಿ, ಇಂಬಳಕ್ಕೂ ಉಪ್ಪು ಹಾಕಬೇಡಿ ಅನ್ನುವ ಒಬ್ಬ ಅಜ್ಜಿ ಇದ್ದಾರೆ ಅಂತ ಗೊತ್ತಿರಲಿಲ್ಲ. ನಮ್ಮ ಊರಿನವರು ಕಾಯುತ್ತಿರುವ ನೀರಿನ ತಲೆಯಲ್ಲಿ ಈ ಮನೆ ಕೂತಿದೆ. ಈ ಮನೆಯವರು ತೋಟ ಉಳಿಯಲಿ, ಮಗಳು ಓದಲಿ ಅಂತ ವಾರಾಂತ್ಯಕ್ಕೆ ಬರುವ ನಮ್ಮಂಥವರಿಗೆ ಕಡುಬು ಬೇಯಿಸುತ್ತಿದ್ದಾರೆ.

ಹೊರಡುವಾಗ ಅಕ್ಕ ಹಪ್ಪಳದ ಕಟ್ಟು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಜ್ಜಿ ನನ್ನನ್ನು ಕರೆದು, "ಮುಂದಿನ ಸಲ ಮಳೆ ಇರುವಾಗ ಬಾ. ಈಗ ಅಬ್ಬಿಯಲ್ಲಿ ನೀರು ಕಮ್ಮಿ" ಎಂದರು.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಹಪ್ಪಳ ಅಮ್ಮನಿಗೆ ಕೊಟ್ಟು ಎಲ್ಲ ಹೇಳಿದೆ. ಬೆಟ್ಟದ ಫೋಟೊ ತೋರಿಸಿದರೆ ಅಮ್ಮ ಬೇಗ ಬೇಗ ಸರಿಸಿದಳು. ತೊಟ್ಟಿಯ ವಿಡಿಯೊ ಬಂದಾಗ ಫೋನನ್ನು ಕೈಗೆ ತೆಗೆದುಕೊಂಡಳು. ಒಂದು ನಿಮಿಷದ ವಿಡಿಯೊ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕು ಅಂದಳು.

"ರಾತ್ರಿಯೆಲ್ಲ ಹಿಂಗೇ ಹರೀತದಾ?"

"ಹೂಂ."

"ಅವರು ಎದ್ದು ಹಿಡ್ಕೊಳ್ಳೋದೇ ಬೇಡ್ವಾ?"

"ಬೇಡಮ್ಮ. ಮಲಗಿರ್ತಾರೆ."

ಅಮ್ಮ ಏನೂ ಹೇಳಲಿಲ್ಲ. ಸೌಂಡ್ ಜಾಸ್ತಿ ಮಾಡಿಸಿಕೊಂಡು, ಫೋನನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿದಳು.